64 ಸ್ಥಾನ ಗೆದ್ದರೂ ಸಾಲದೇ? ಸ್ಕಾಟ್ಲೆಂಡಿನ ಫಲಿತಾಂಶ ಮತ್ತು ನಡೆಯದೇ ಹೋದ ಜನಮತಗಣನೆ

ಪ್ರಶ್ನೆ: 2021ರ ಮೇ ತಿಂಗಳಲ್ಲಿ ಸ್ಕಾಟ್ಲೆಂಡಿನ ಸಂಸತ್ತಿಗೆ ಚುನಾವಣೆ ನಡೆದಾಗ ಸ್ವಾತಂತ್ರ್ಯ ಬೇಕು ಎನ್ನುವ ಪಕ್ಷಗಳಿಗೇ ಹೆಚ್ಚು ಸ್ಥಾನ ಬಂತು. ಆದರೆ ಒಂದು ಕಡೆಯವರು ‘ಜನಾದೇಶ ಸಿಕ್ಕಿತು’ ಅಂದರು, ಇನ್ನೊಂದು ಕಡೆಯವರು ‘ಸಿಕ್ಕಿಲ್ಲ’ ಅಂದರು. ಆಮೇಲೆ ಜನಮತಗಣನೆಯೇ ಆಗಲಿಲ್ಲ. ಇದರಲ್ಲಿ ಯಾರು ಹೇಳಿದ್ದು ಸರಿ? ಬ್ರಿಟನ್ ಸುಮ್ನೆ ಹಟ ಮಾಡುತ್ತಿದೆಯೇ? ಇನ್ನೊಂದು ಸಣ್ಣ ವಿಷಯ. ಎಡಿನ್‌ಬರಾದಲ್ಲಿ ಕೆಲಸದಲ್ಲಿರುವ ನನ್ನ ಅಣ್ಣನ ಮಗ, ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಅಲ್ಲಿ ಮತ ಹಾಕಿದೆ ಅನ್ನುತ್ತಾನೆ. ಇದು ಸಾಧ್ಯವೇ?

ಉತ್ತರ:

ಸಾಧ್ಯ. ನಿಮ್ಮ ಅಣ್ಣನ ಮಗ ಸುಳ್ಳು ಹೇಳಿಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ದೊಡ್ಡ ಪ್ರಶ್ನೆ. ಯಾರು ಸರಿ ಅಂತ ಕೇಳಿದ್ದೀರಿ. ಇಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿಯಾಗಿಯೇ ಇದ್ದರು. ಎಷ್ಟು ಮತ ಬಂದರೆ, ಎಷ್ಟು ಸ್ಥಾನ ಬಂದರೆ ಜನಮತಗಣನೆ ನಡೆಸಬೇಕು ಅಂತ ಬ್ರಿಟನ್ನಿನಲ್ಲಿ ಎಲ್ಲೂ ಬರೆದಿಟ್ಟಿಲ್ಲ. ಹಾಗಾಗಿ ಫಲಿತಾಂಶ ಬಂದ ಮೇಲೆ ಪ್ರತಿಯೊಬ್ಬರೂ ತಮಗೆ ಅನುಕೂಲವಾದ ಅಳತೆಗೋಲನ್ನು ಹೊರಗೆ ತೆಗೆದರು.

ಆಗ ನಡೆದದ್ದನ್ನು ನೆನಪಿಸಿಕೊಳ್ಳೋಣ. ಮತದಾನ ಮೇ 6ರ ಗುರುವಾರ. ಕೋವಿಡ್ ಕಾರಣದಿಂದ ರಾತ್ರೋರಾತ್ರಿ ಎಣಿಕೆ ಮಾಡಲಿಲ್ಲ. ಶುಕ್ರವಾರ, ಶನಿವಾರ ಎರಡೂ ದಿನ ಎಣಿಸಿದರು. ಸಂಸತ್ತಿನಲ್ಲಿ ಒಟ್ಟು 129 ಸ್ಥಾನ, ಬಹುಮತಕ್ಕೆ 65 ಬೇಕು. ನಿಕೋಲಾ ಸ್ಟರ್ಜನ್ ಅವರ ಎಸ್‌ಎನ್‌ಪಿ, ಅಂದರೆ ಸ್ಕಾಟಿಷ್ ನ್ಯಾಷನಲ್ ಪಾರ್ಟಿಗೆ 64 ಬಂತು. ಕನ್ಸರ್ವೇಟಿವ್ ಪಕ್ಷಕ್ಕೆ 31, ಲೇಬರ್‌ಗೆ 22, ಗ್ರೀನ್ಸ್‌ಗೆ 8, ಲಿಬರಲ್ ಡೆಮಾಕ್ರಾಟರಿಗೆ 4. ಗ್ರೀನ್ಸ್ ಕೂಡ ಸ್ವಾತಂತ್ರ್ಯದ ಪರ. ಎರಡನ್ನೂ ಕೂಡಿಸಿದರೆ 72. ಬಹುಮತಕ್ಕಿಂತ ಏಳು ಜಾಸ್ತಿಯೇ.

ಅಲ್ಲಿನ ಸರ್ಕಾರದ ಮುಖ್ಯಸ್ಥರನ್ನು ಫಸ್ಟ್ ಮಿನಿಸ್ಟರ್ ಅನ್ನುತ್ತಾರೆ. ಸ್ಟರ್ಜನ್ ಆ ಹುದ್ದೆಯಲ್ಲಿದ್ದರು. ಈ 72ನ್ನು ಮುಂದಿಟ್ಟುಕೊಂಡು ಅವರು, ಪ್ರಧಾನಿ ಬೋರಿಸ್ ಜಾನ್ಸನ್‌ಗೆ ಇದನ್ನು ತಡೆಯಲು ಪ್ರಜಾಪ್ರಭುತ್ವದ ಯಾವ ಸಮರ್ಥನೆಯೂ ಉಳಿದಿಲ್ಲ ಅಂದರು. ಭಾನುವಾರ ಇಬ್ಬರೂ ಫೋನಿನಲ್ಲಿ ಮಾತಾಡಿದಾಗ, ಜನಮತಗಣನೆ ನಡೆಯುತ್ತದೋ ಇಲ್ಲವೋ ಅನ್ನುವುದು ಇನ್ನು ಪ್ರಶ್ನೆಯಲ್ಲ, ಯಾವಾಗ ಅನ್ನುವುದಷ್ಟೇ ಪ್ರಶ್ನೆ ಅಂತ ತಿಳಿಸಿದರು. ಜಾನ್ಸನ್ ಆಗಲೇ ಪತ್ರಿಕೆಯೊಂದಕ್ಕೆ, ಕೋವಿಡ್ ಹೊತ್ತಿನಲ್ಲಿ ಇಂಥ ಮಾತು ಎತ್ತುವುದು ಬೇಜವಾಬ್ದಾರಿ, ದುಡುಕು ಅಂತ ಹೇಳಿಯಾಗಿತ್ತು. ಜೊತೆಗೆ ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿನ ನಾಯಕರಿಗೆ ಒಟ್ಟಿಗೆ ಕೂತು ಕೋವಿಡ್ ನಂತರದ ಚೇತರಿಕೆ ಬಗ್ಗೆ ಮಾತಾಡೋಣ ಬನ್ನಿ ಅಂತ ಪತ್ರ ಬರೆದರು. ಜಾನ್ಸನ್ ಸಂಪುಟದಲ್ಲಿದ್ದ ಮೈಕಲ್ ಗೋವ್, ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಬೆಳೆದವರು. ಅವರು ಟಿವಿಗೆ ಬಂದು ಹಿಡಿದದ್ದು ಬೇರೆಯೇ ಅಂಕಿ. 2011ರಲ್ಲಿ ಎಸ್‌ಎನ್‌ಪಿಗೆ ತಾನೊಂದೇ ಬಹುಮತ ಇತ್ತು, ಈಗ ಇಲ್ಲ ಅಲ್ವಾ ಅನ್ನುವುದು ಅವರ ವಾದ. ಕನ್ಸರ್ವೇಟಿವ್ ಪಕ್ಷದ ಸ್ಕಾಟಿಷ್ ನಾಯಕ ಡಗ್ಲಸ್ ರಾಸ್ ಅಂತೂ, ಎಸ್‌ಎನ್‌ಪಿಗೆ ಬಹುಮತ ತಪ್ಪಿಸಿದ್ದೇ ತಮ್ಮ ಗೆಲುವು ಅನ್ನುವ ಹಾಗೆ ಮಾತಾಡಿದರು. 31 ಸ್ಥಾನ ಗೆದ್ದವರು 64 ಗೆದ್ದವರನ್ನು ಸೋಲಿಸಿದೆವು ಅಂದಂತೆ ಕೇಳುತ್ತದೆ. ಆದರೆ ಅವರ ಇಡೀ ಪ್ರಚಾರ ನಡೆದದ್ದೇ ಆ ಒಂದು ಸ್ಥಾನದ ಮೇಲೆ.

ಈ 65 ಅನ್ನುವ ಗಡಿ ಎಲ್ಲಿಂದ ಬಂತು? ಅದರ ಕತೆ ಗೊತ್ತಿಲ್ಲದೆ ಈ ಜಗಳ ಅರ್ಥವಾಗುವುದಿಲ್ಲ.

ಸ್ಕಾಟಿಷ್ ಸಂಸತ್ತು ಶುರುವಾದದ್ದು 1999ರಲ್ಲಿ. ಅದರ ಚುನಾವಣೆ ನಮ್ಮ ವಿಧಾನಸಭೆಯ ಚುನಾವಣೆಯಂತಲ್ಲ. ಮತದಾರನಿಗೆ ಎರಡು ಮತ. ಒಂದು ತನ್ನ ಕ್ಷೇತ್ರದ ಅಭ್ಯರ್ಥಿಗೆ, ಅಂಥ ಕ್ಷೇತ್ರಗಳು 73. ಇನ್ನೊಂದು ಪಕ್ಷಕ್ಕೆ. ದೇಶವನ್ನು ಎಂಟು ಪ್ರಾಂತ್ಯಗಳಾಗಿ ಮಾಡಿ, ಪ್ರತಿ ಪ್ರಾಂತ್ಯಕ್ಕೆ ಏಳರಂತೆ 56 ಸ್ಥಾನಗಳನ್ನು ಈ ಪಕ್ಷದ ಮತದಿಂದ ತುಂಬುತ್ತಾರೆ. ಇದನ್ನು ಪಟ್ಟಿ ಮತ ಅನ್ನೋಣ. ತುಂಬುವಾಗ ಒಂದು ಲೆಕ್ಕ ಇದೆ. ಕ್ಷೇತ್ರಗಳಲ್ಲಿ ಆಗಲೇ ಎಷ್ಟು ಗೆದ್ದಿದ್ದೀರೋ ಅದಕ್ಕೆ ಒಂದು ಸೇರಿಸಿ, ಆ ಸಂಖ್ಯೆಯಿಂದ ನಿಮ್ಮ ಪಟ್ಟಿ ಮತವನ್ನು ಭಾಗಿಸುತ್ತಾರೆ. ಕ್ಷೇತ್ರಗಳಲ್ಲಿ ಜಾಸ್ತಿ ಗೆದ್ದವರಿಗೆ ಪಟ್ಟಿಯಲ್ಲಿ ಕಡಿಮೆ ಸಿಗಬೇಕು ಅನ್ನುವುದೇ ಇದರ ಉದ್ದೇಶ.

ಗ್ಲ್ಯಾಸ್ಗೊ ನೋಡಿ. 2021ರಲ್ಲಿ ಆ ಪ್ರಾಂತ್ಯದ ಒಂಬತ್ತೂ ಕ್ಷೇತ್ರಗಳನ್ನು ಎಸ್‌ಎನ್‌ಪಿ ಬಾಚಿಕೊಂಡಿತು. ಆದ್ದರಿಂದ ಅದರ ಪಟ್ಟಿ ಮತವನ್ನು ಹತ್ತರಿಂದ ಭಾಗಿಸಿದರು. ಒಂದೂ ಪಟ್ಟಿ ಸ್ಥಾನ ಬರಲಿಲ್ಲ. ಆ ಏಳು ಸ್ಥಾನಗಳು ಲೇಬರ್‌ಗೆ ನಾಲ್ಕು, ಕನ್ಸರ್ವೇಟಿವ್‌ಗೆ ಎರಡು, ಗ್ರೀನ್ಸ್‌ಗೆ ಒಂದು ಅಂತ ಹಂಚಿ ಹೋದವು. ಇಡೀ ದೇಶದ ಲೆಕ್ಕ ಇನ್ನೂ ಮಜವಾಗಿದೆ. ಎಸ್‌ಎನ್‌ಪಿ 62 ಕ್ಷೇತ್ರ ಗೆದ್ದಿತು. ಪಟ್ಟಿಯಲ್ಲಿ ಸುಮಾರು 10.9 ಲಕ್ಷ ಮತ ಪಡೆಯಿತು, ಬಂದದ್ದು ಎರಡೇ ಸ್ಥಾನ.

ಇಂಥ ಪದ್ಧತಿಯಲ್ಲಿ ಒಂದೇ ಪಕ್ಷಕ್ಕೆ ಬಹುಮತ ಬರುವುದು ಕಷ್ಟ. 1999, 2003ರಲ್ಲಿ ಲೇಬರ್ ಮತ್ತು ಲಿಬರಲ್ ಡೆಮಾಕ್ರಾಟರು ಸೇರಿ ಸರ್ಕಾರ ಮಾಡಿದರು. 2007ರಲ್ಲಿ ಎಸ್‌ಎನ್‌ಪಿ 47, ಲೇಬರ್ 46. ಎಸ್‌ಎನ್‌ಪಿಯ ಆಗಿನ ನಾಯಕ ಅಲೆಕ್ಸ್ ಸ್ಯಾಲ್ಮಂಡ್ ಅಲ್ಪಮತದಲ್ಲೇ ನಾಲ್ಕು ವರ್ಷ ಸರ್ಕಾರ ನಡೆಸಿದರು. ಆಮೇಲೆ 2011ರಲ್ಲಿ ಯಾರೂ ಎಣಿಸದ್ದು ಆಯಿತು. ಎಸ್‌ಎನ್‌ಪಿಗೆ 69 ಸ್ಥಾನ.

ಪ್ರಧಾನಿ ಡೇವಿಡ್ ಕ್ಯಾಮರಾನ್ ಆಗ ಇಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. 2012ರ ಅಕ್ಟೋಬರ್ 15ರಂದು ಎಡಿನ್‌ಬರಾಕ್ಕೆ ಬಂದು ಸ್ಯಾಲ್ಮಂಡ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿದರು. ಅವರದು ದೊಡ್ಡ ಮನಸ್ಸು ಅಂತ ಕೆಲವರು ಇವತ್ತಿಗೂ ಹೊಗಳುತ್ತಾರೆ. ನನಗೆ ಕಾಣುವುದು ಲೆಕ್ಕಾಚಾರ. ಆಗ ಸ್ವಾತಂತ್ರ್ಯಕ್ಕೆ ಇದ್ದ ಬೆಂಬಲ ಮೂರನೇ ಒಂದು ಭಾಗದ ಆಸುಪಾಸು. ಕೇಳಿಸಿಬಿಟ್ಟರೆ ಸುಲಭವಾಗಿ ಗೆಲ್ಲುತ್ತೇವೆ, ಒಂದು ತಲೆಮಾರಿನ ಮಟ್ಟಿಗೆ ಮಾತು ಮುಗಿಯುತ್ತದೆ ಅಂತ ಅವರು ಅಂದುಕೊಂಡರು. ಹೆಚ್ಚಿನ ಅಧಿಕಾರ ಕೊಡುವ ಮೂರನೇ ಆಯ್ಕೆಯೂ ಮತಪತ್ರದಲ್ಲಿ ಇರಬಹುದು ಅನ್ನುವ ಮಾತಿತ್ತು. ಕ್ಯಾಮರಾನ್ ಅದನ್ನು ಒಪ್ಪದೆ ಹೌದು ಅಥವಾ ಇಲ್ಲ ಅಷ್ಟೇ ಇರಲಿ ಅಂತ ಪಟ್ಟು ಹಿಡಿದರು. 2014ರ ಸೆಪ್ಟೆಂಬರ್ 18ರಂದು ಮತದಾನ ನಡೆಯಿತು. ಇಲ್ಲ ಅಂದವರು 55.3%, ಹೌದು ಅಂದವರು 44.7%. ಮತದಾನದ ಪ್ರಮಾಣ 84.6%. 16 ವರ್ಷದ ಹುಡುಗ ಹುಡುಗಿಯರೂ ಮತ ಹಾಕಿದ್ದರು.

ಕ್ಯಾಮರಾನ್ ಗೆದ್ದರು, ಆದರೆ ಮಾತು ಮುಗಿಯಲಿಲ್ಲ. 45% ಅಂದರೆ ಸಣ್ಣ ಗುಂಪಲ್ಲ. ಸೋತ ಎಸ್‌ಎನ್‌ಪಿಯ ಸದಸ್ಯರ ಸಂಖ್ಯೆ 25 ಸಾವಿರದ ಸುತ್ತಮುತ್ತ ಇದ್ದದ್ದು ಕೆಲವೇ ತಿಂಗಳಲ್ಲಿ ಒಂದು ಲಕ್ಷ ದಾಟಿತು. ಮುಂದಿನ ವರ್ಷ ಬ್ರಿಟಿಷ್ ಸಂಸತ್ತಿನ ಚುನಾವಣೆಯಲ್ಲಿ ಸ್ಕಾಟ್ಲೆಂಡಿನ 59 ಸ್ಥಾನಗಳಲ್ಲಿ 56 ಆ ಪಕ್ಷಕ್ಕೆ ಹೋದವು.

ಹಾಗಾಗಿ 2011ರಲ್ಲಿ ಆಕಸ್ಮಿಕವಾಗಿ ಬಂದ ಒಂದು ಬಹುಮತ, ಯಾರೂ ಬರೆಯದೇ ಇದ್ದರೂ ನಿಯಮದ ವೇಷ ಹಾಕಿತು. ‘ಆಗ ಬಹುಮತ ಇತ್ತು, ಆದ್ದರಿಂದ ಕೊಟ್ಟೆವು’ ಅನ್ನುವ ಗೋವ್ ಅವರ ವಾದ ಇದರ ಮೇಲೆಯೇ ನಿಂತಿದೆ. ಅದು ನನಗೆ ಅಷ್ಟು ಸರಿ ಕಾಣುವುದಿಲ್ಲ. ಸಂಸತ್ತಿನ ಬಹುಮತ ಅಂದರೆ ಸದಸ್ಯರ ಬಹುಮತ, ಅವರು ಒಂದೇ ಪಕ್ಷದವರಾಗಿರಬೇಕು ಅಂತ ಏನಿಲ್ಲ. ಲಂಡನ್ನಿನಲ್ಲೇ 2010ರಿಂದ 2015ರವರೆಗೆ ಸಮ್ಮಿಶ್ರ ಸರ್ಕಾರ ಇತ್ತು. ಅದು ಮಾಡಿದ ಕಾನೂನಿಗೆ ಬೆಲೆ ಕಡಿಮೆ ಅಂತ ಯಾರೂ ಹೇಳಲಿಲ್ಲ. 2012ರ ಒಪ್ಪಂದ ಮಾಡಿದ್ದೂ ಅದೇ ಸಮ್ಮಿಶ್ರ ಸರ್ಕಾರ.

ಆದರೆ ಸ್ಟರ್ಜನ್ ಹೇಳಿದ್ದನ್ನೂ ಪೂರ್ತಿ ಒಪ್ಪುವುದು ಕಷ್ಟ. ಅಕ್ಕಿಯನ್ನು ಸೇರಿನಲ್ಲಿ ಅಳೆದರೆ ಒಂದು ಲೆಕ್ಕ, ತಕ್ಕಡಿಯಲ್ಲಿ ತೂಗಿದರೆ ಇನ್ನೊಂದು ಲೆಕ್ಕ. ಸ್ಥಾನ ಎಣಿಸಿದರೆ 129ಕ್ಕೆ 72. ಮತ ಎಣಿಸಿದರೆ? ಕ್ಷೇತ್ರ ಮತದಲ್ಲಿ ಎಸ್‌ಎನ್‌ಪಿಗೆ 47.7%. ಹೆಚ್ಚಿನ ಕಡೆ ಅಭ್ಯರ್ಥಿಯನ್ನೇ ಹಾಕದ ಗ್ರೀನ್ಸ್‌ಗೆ 1.3%. ಎರಡೂ ಸೇರಿ 49%. ಬ್ರಿಟನ್ನಿನ ಒಕ್ಕೂಟದಲ್ಲೇ ಇರೋಣ ಅನ್ನುವ ಕನ್ಸರ್ವೇಟಿವ್, ಲೇಬರ್, ಲಿಬರಲ್ ಡೆಮಾಕ್ರಾಟ್ ಮೂವರದ್ದು ಸೇರಿಸಿದರೆ 50.4%. ಪಟ್ಟಿ ಮತಕ್ಕೆ ಬಂದರೆ ಎಸ್‌ಎನ್‌ಪಿಗೆ 40.3%, ಗ್ರೀನ್ಸ್‌ಗೆ 8.1%, ಸ್ಯಾಲ್ಮಂಡ್ ಮುನಿಸಿಕೊಂಡು ಆಗಷ್ಟೇ ಕಟ್ಟಿದ್ದ ಆಲ್ಬಾ ಪಕ್ಷಕ್ಕೆ 1.7%. ಒಟ್ಟು 50.1%. ಒಂದೇ ದಿನ, ಅದೇ ಜನ, ಎರಡು ಕಾಗದ. ಒಂದರಲ್ಲಿ ಸ್ವಾತಂತ್ರ್ಯದವರು ಕೂದಲೆಳೆಯಲ್ಲಿ ಹಿಂದೆ, ಇನ್ನೊಂದರಲ್ಲಿ ಕೂದಲೆಳೆಯಲ್ಲಿ ಮುಂದೆ. ಎರಡು ಕಡೆಯ ವಕ್ತಾರರೂ ತಮಗೆ ಬೇಕಾದ ಕಾಗದವನ್ನಷ್ಟೇ ಕೈಯಲ್ಲಿ ಹಿಡಿದು ಟಿವಿ ಮುಂದೆ ಕೂತರು.

ಇನ್ನೂ ಒಂದು ತೊಡಕಿದೆ. ಎಸ್‌ಎನ್‌ಪಿಗೆ ಮತ ಹಾಕಿದವರೆಲ್ಲ ಸ್ವಾತಂತ್ರ್ಯ ಬಯಸುವವರಲ್ಲ. ಕೋವಿಡ್ ಕಾಲದಲ್ಲಿ ಸ್ಟರ್ಜನ್ ದಿನಾ ಟಿವಿಯಲ್ಲಿ ಬಂದು ಮಾತಾಡಿದ ರೀತಿ ಎಷ್ಟೋ ಜನಕ್ಕೆ ಹಿಡಿಸಿತ್ತು. ಅದೇ ರೀತಿ ಲೇಬರ್‌ಗೆ ಮತ ಹಾಕಿದವರಲ್ಲಿ ಸ್ವಾತಂತ್ರ್ಯ ಬೇಕು ಅನ್ನುವವರೂ ಇದ್ದಾರೆ. ಕೆಲವು ಕಡೆ ಮತದಾರರು ಪಕ್ಷವನ್ನೇ ಬದಿಗಿಟ್ಟು, ಎಸ್‌ಎನ್‌ಪಿಯನ್ನು ಯಾರು ಸೋಲಿಸಬಲ್ಲರೋ ಅವರಿಗೆ ಮತ ಕೊಟ್ಟರು. ಕ್ಲೈಡ್ ನದಿ ಕಡೆಯ ಡಂಬಾರ್ಟನ್ ಕ್ಷೇತ್ರ ಇದಕ್ಕೆ ಒಳ್ಳೆ ಉದಾಹರಣೆ. ಬ್ರಿಟನ್ನಿನ ಅಣ್ವಸ್ತ್ರ ಜಲಾಂತರ್ಗಾಮಿಗಳ ನೆಲೆ ಫಾಸ್‌ಲೇನ್ ಇರುವುದು ಇಲ್ಲೇ. ಸ್ವತಂತ್ರವಾದರೆ ಅದನ್ನು ಖಾಲಿ ಮಾಡಿಸುತ್ತೇವೆ ಅನ್ನುವುದು ಎಸ್‌ಎನ್‌ಪಿಯ ಹಳೇ ನಿಲುವು. ಅಲ್ಲಿನ ಎಷ್ಟೋ ಮನೆಗಳಿಗೆ ಆ ನೆಲೆಯೇ ಕೆಲಸ, ಸಂಬಳ. 2016ರಲ್ಲಿ ಲೇಬರ್‌ನ ಜಾಕಿ ಬೇಲಿ ಇಲ್ಲಿ ಗೆದ್ದದ್ದು 109 ಮತಗಳಿಂದ. 2021ರಲ್ಲಿ ಎಸ್‌ಎನ್‌ಪಿ ಇಲ್ಲಿ ಎಷ್ಟು ಜೋರು ಮಾಡಿದರೂ ಅವರ ಅಂತರ 1,400 ದಾಟಿತು. ಎಸ್‌ಎನ್‌ಪಿಗೆ ಬೇಕಿದ್ದ ಆ 65ನೇ ಸ್ಥಾನ ಇಂಥ ಕಡೆ ಕೈ ತಪ್ಪಿತು.

ಒಟ್ಟಿನಲ್ಲಿ ನನ್ನ ಓದು ಇಷ್ಟು. ಜನರನ್ನು ಕೇಳುವುದಕ್ಕೆ ಆ ಸಂಸತ್ತಿಗೆ ಜನಾದೇಶ ಇತ್ತು. ಸ್ವಾತಂತ್ರ್ಯಕ್ಕೆ ಜನಾದೇಶ ಇರಲಿಲ್ಲ. ಸ್ಟರ್ಜನ್ ಮೊದಲನೆಯದನ್ನೇ ಕೇಳಿದ್ದು. ಲಂಡನ್ ಎರಡನೆಯದನ್ನು ಮುಂದೆ ಮಾಡಿ ಮೊದಲನೆಯದನ್ನು ನಿರಾಕರಿಸಿತು.

ನಿರಾಕರಿಸಿದರೆ ತಾವೇ ನಡೆಸಿಕೊಳ್ಳಬಹುದಿತ್ತಲ್ಲ ಅಂತ ನೀವು ಕೇಳಬಹುದು. ಇಲ್ಲಿ ಕಾನೂನು ಬರುತ್ತದೆ. 1998ರ ಸ್ಕಾಟ್ಲೆಂಡ್ ಕಾಯಿದೆ ಆ ಸಂಸತ್ತನ್ನು ಹುಟ್ಟುಹಾಕಿತು. ಆರೋಗ್ಯ, ಶಿಕ್ಷಣ, ಪೊಲೀಸು, ನ್ಯಾಯ ಎಲ್ಲ ಎಡಿನ್‌ಬರಾಕ್ಕೆ. ರಕ್ಷಣೆ, ವಿದೇಶಾಂಗ, ನಾಣ್ಯ, ವಲಸೆ ಲಂಡನ್ನಿಗೆ. ಲಂಡನ್ನಿಗೆ ಮೀಸಲಾದ ವಿಷಯಗಳ ಪಟ್ಟಿಯಲ್ಲಿ ‘ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ರಾಜ್ಯಗಳ ಒಕ್ಕೂಟ’ ಅನ್ನುವುದೂ ಇದೆ. ಅದೇ ಕಾಯಿದೆಯ 30ನೇ ಸೆಕ್ಷನ್ ಮೂಲಕ ಈ ಪಟ್ಟಿಯನ್ನು ತಾತ್ಕಾಲಿಕವಾಗಿ ಸಡಿಲಿಸಬಹುದು, ಆದರೆ ಎರಡೂ ಕಡೆ ಒಪ್ಪಬೇಕು. 2014ರಲ್ಲಿ ಆದದ್ದು ಹಾಗೆಯೇ. ಆ ಸಡಿಲಿಕೆ 2014ರ ಕೊನೆಯವರೆಗೆ ಮಾತ್ರ ಇತ್ತು.

2017ರಲ್ಲಿ ಸ್ಟರ್ಜನ್ ಮತ್ತೆ ಕೇಳಿದಾಗ ಪ್ರಧಾನಿ ತೆರೇಸಾ ಮೇ, ಈಗ ಅದರ ಸಮಯ ಅಲ್ಲ ಅಂದರು. 2019ರ ಡಿಸೆಂಬರಿನಲ್ಲಿ ಕೇಳಿದ್ದಕ್ಕೆ ಜನವರಿಯಲ್ಲಿ ಜಾನ್ಸನ್ ಇಲ್ಲ ಅಂದರು. 2022ರಲ್ಲಿ ಕೇಳಿದ್ದಕ್ಕೂ ಅದೇ ಉತ್ತರ. ಈ ಸಲ ಸ್ಟರ್ಜನ್ 2023ರ ಅಕ್ಟೋಬರ್ 19 ಅಂತ ದಿನವನ್ನೂ ಘೋಷಿಸಿ, ನಮ್ಮ ಸಂಸತ್ತಿಗೆ ತಾನಾಗಿ ಇದನ್ನು ನಡೆಸುವ ಅಧಿಕಾರ ಇದೆಯೇ ಎಂಬ ಪ್ರಶ್ನೆಯನ್ನು ಬ್ರಿಟನ್ನಿನ ಸುಪ್ರೀಂ ಕೋರ್ಟಿಗೆ ಒಯ್ಯುವಂತೆ ಮಾಡಿದರು. ಇದು ಸಲಹೆಯಷ್ಟೇ, ಫಲಿತಾಂಶ ಬಂದ ಕೂಡಲೇ ಒಕ್ಕೂಟ ಮುರಿಯುವುದಿಲ್ಲ, ಹಾಗಾಗಿ ಇದು ಒಕ್ಕೂಟದ ವಿಷಯವೇ ಅಲ್ಲ ಅನ್ನುವುದು ಅವರ ಕಡೆಯ ವಾದ. 2022ರ ನವೆಂಬರ್ 23ರಂದು ಐವರು ನ್ಯಾಯಮೂರ್ತಿಗಳೂ ಒಮ್ಮತದಿಂದ ಅದನ್ನು ತಳ್ಳಿಹಾಕಿದರು. ಇಂಥ ಮತದಾನದ ರಾಜಕೀಯ ಪರಿಣಾಮ ಎಷ್ಟು ದೊಡ್ಡದು ಅಂತ ಎಲ್ಲರಿಗೂ ಗೊತ್ತು, ಅದು ಒಕ್ಕೂಟಕ್ಕೆ ಸಂಬಂಧಿಸಿದ್ದೇ ಅಂದರು. ಸ್ವಯಂನಿರ್ಣಯದ ಅಂತರರಾಷ್ಟ್ರೀಯ ಹಕ್ಕಿನ ಮಾತು ಬಂದಾಗ, ಸ್ಕಾಟ್ಲೆಂಡ್ ವಸಾಹತೂ ಅಲ್ಲ, ತುಳಿತಕ್ಕೆ ಒಳಗಾದ ನಾಡೂ ಅಲ್ಲ ಅನ್ನುವ ನಿಲುವು ತಳೆದರು.

ಆ ಕೊನೆಯ ಮಾತು ನಮ್ಮಲ್ಲಿ ಎಷ್ಟೋ ಓದುಗರಿಗೆ ಗೊಂದಲ ತರುತ್ತದೆ. ಬ್ರಿಟಿಷರಿಂದ ಸ್ವಾತಂತ್ರ್ಯ ಅಂದ ಕೂಡಲೇ ನಮಗೆ 1947 ನೆನಪಾಗುತ್ತದೆ. ಸ್ಕಾಟ್ಲೆಂಡ್ ಹಾಗಲ್ಲ. 1603ರಲ್ಲಿ ಅವರ ರಾಜನೇ ಇಂಗ್ಲೆಂಡಿನ ಸಿಂಹಾಸನವನ್ನೂ ಏರಿದ. 1707ರಲ್ಲಿ ಎರಡು ಸಂಸತ್ತುಗಳು ಒಪ್ಪಂದ ಮಾಡಿಕೊಂಡು ಒಂದಾದವು. ಅದಕ್ಕೆ ಸ್ವಲ್ಪ ಮೊದಲು ಸ್ಕಾಟರು ಪನಾಮಾದ ಡೇರಿಯನ್‌ನಲ್ಲಿ ತಮ್ಮದೇ ವಸಾಹತು ಮಾಡಲು ಹೋಗಿ ಕೈ ಸುಟ್ಟುಕೊಂಡಿದ್ದರು. ದೇಶದ ಉಳಿತಾಯದ ದೊಡ್ಡ ಪಾಲು ಅದರಲ್ಲಿ ಮುಳುಗಿತ್ತು. ಜನಸಾಮಾನ್ಯರನ್ನು ಯಾರೂ ಕೇಳಲಿಲ್ಲ, ಬೀದಿಗಳಲ್ಲಿ ಗಲಾಟೆಯೂ ಆಯಿತು. ಆದರೂ ಕಾನೂನು, ಚರ್ಚು, ಶಾಲೆಗಳ ವ್ಯವಸ್ಥೆ ಸ್ಕಾಟರ ಕೈಯಲ್ಲೇ ಉಳಿಯಿತು. ಇಂಗ್ಲೆಂಡಿನ ವ್ಯಾಪಾರ, ಸಾಮ್ರಾಜ್ಯದ ಬಾಗಿಲು ಅವರಿಗೂ ತೆರೆಯಿತು. ಅದರ ಗುರುತು ನಮ್ಮ ನೆಲದಲ್ಲೇ ಇದೆ. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಡೇವಿಡ್ ಬೇರ್ಡ್ ಸ್ಕಾಟ್. ಅದೇ ಊರಿನಲ್ಲಿ ಹಿಂದೆ ಅವನು ವರ್ಷಗಟ್ಟಲೆ ಸೆರೆಯಲ್ಲಿದ್ದವನು. ಬಳ್ಳಾರಿ ಕಡೆ ಕಂದಾಯ ವ್ಯವಸ್ಥೆ ಮಾಡಿದ ಥಾಮಸ್ ಮನ್ರೊ ಹುಟ್ಟಿದ್ದು ಗ್ಲ್ಯಾಸ್ಗೊದಲ್ಲಿ. ಸಾಮ್ರಾಜ್ಯದಲ್ಲಿ ಪಾಲುದಾರರಾಗಿದ್ದ ಜನ ಈಗ ಆ ಪಾಲುದಾರಿಕೆ ಬೇಕೋ ಬೇಡವೋ ಅಂತ ಯೋಚಿಸುತ್ತಿದ್ದಾರೆ. ಅದು ನಮ್ಮ ಸ್ವಾತಂತ್ರ್ಯ ಹೋರಾಟಕ್ಕಿಂತ ಬೇರೆ ಜಾತಿಯ ಪ್ರಶ್ನೆ.

ಸ್ಟರ್ಜನ್ ಎರಡನೇ ಮತದಾನ ಕೇಳಿದ್ದು ಸೋತ ಹಟದಿಂದ ಮಾತ್ರ ಅಲ್ಲ. ನಡುವೆ ಬ್ರೆಕ್ಸಿಟ್ ಆಯಿತು. 2014ರಲ್ಲಿ ಒಕ್ಕೂಟದ ಪರ ಇದ್ದವರು, ಸ್ವತಂತ್ರವಾದರೆ ಯುರೋಪಿಯನ್ ಒಕ್ಕೂಟದಿಂದ ಹೊರಗೆ ಬೀಳುತ್ತೀರಿ ಅಂತ ಹೆದರಿಸಿದ್ದರು. ಎರಡು ವರ್ಷ ಕಳೆಯುವ ಮೊದಲೇ, 2016ರ ಜೂನಿನಲ್ಲಿ, ಬ್ರಿಟನ್ನೇ ಹೊರಗೆ ಹೊರಟಿತು. ಸ್ಕಾಟ್ಲೆಂಡಿನಲ್ಲಿ 62% ಜನ ಉಳಿಯೋಣ ಅಂದಿದ್ದರು. ಅವರ ಮಾತು ನಡೆಯಲಿಲ್ಲ. ಸ್ಕಾಟ್ಲೆಂಡನ್ನು ಅದರ ಇಷ್ಟಕ್ಕೆ ವಿರುದ್ಧವಾಗಿ ಯುರೋಪಿನಿಂದ ಹೊರಗೆ ಎಳೆದರೆ ಮತ್ತೆ ಜನರನ್ನು ಕೇಳುವ ಹಕ್ಕಿರಬೇಕು ಅಂತ ಎಸ್‌ಎನ್‌ಪಿ ಅದೇ ವರ್ಷದ ಮೇ ಚುನಾವಣೆಯ ಪ್ರಣಾಳಿಕೆಯಲ್ಲಿ ಬರೆದಿತ್ತು. ಅಂದರೆ ಬ್ರೆಕ್ಸಿಟ್ ಫಲಿತಾಂಶ ಬರುವ ಮುಂಚೆಯೇ ಬರೆದದ್ದು. ‘2014ರದ್ದು ತಲೆಮಾರಿಗೊಮ್ಮೆ ಸಿಗುವ ಅವಕಾಶ ಅಂತ ನೀವೇ ಅಂದಿದ್ದಿರಲ್ಲ’ ಅನ್ನುವ ಆಕ್ಷೇಪಕ್ಕೆ ಇದು ಗಟ್ಟಿ ಉತ್ತರ ಅಂತ ನನ್ನ ಅಭಿಪ್ರಾಯ.

ಆದರೆ ಬ್ರೆಕ್ಸಿಟ್ಟೇ ಸ್ವಾತಂತ್ರ್ಯದ ದಾರಿಯನ್ನು ಕಷ್ಟವಾಗಿಯೂ ಮಾಡಿತು. ಸ್ಕಾಟ್ಲೆಂಡ್ ಹೊರಗೆ ಕಳಿಸುವ ಸರಕು ಸೇವೆಗಳಲ್ಲಿ ಸುಮಾರು ಐದರಲ್ಲಿ ಮೂರು ಪಾಲು ಹೋಗುವುದು ಬ್ರಿಟನ್ನಿನ ಉಳಿದ ಭಾಗಗಳಿಗೇ. ಸ್ವತಂತ್ರ ಸ್ಕಾಟ್ಲೆಂಡ್ ಯುರೋಪಿಯನ್ ಒಕ್ಕೂಟ ಸೇರಿದರೆ ಇಂಗ್ಲೆಂಡಿನ ಗಡಿಯಲ್ಲಿ ಕಸ್ಟಮ್ಸ್ ತಪಾಸಣೆ ಬರುತ್ತದೆ. 2014ರಲ್ಲಿ ಇದು ಇಷ್ಟು ದೊಡ್ಡ ಸಮಸ್ಯೆ ಆಗಿರಲಿಲ್ಲ. ನಾಣ್ಯದ ಪ್ರಶ್ನೆ ಹಾಗೇ ಇದೆ. ಪೌಂಡನ್ನು ಹಂಚಿಕೊಳ್ಳುವುದಿಲ್ಲ ಅಂತ ಹಣಕಾಸು ಮಂತ್ರಿ ಜಾರ್ಜ್ ಆಸ್ಬರ್ನ್ 2014ರ ಫೆಬ್ರವರಿಯಲ್ಲೇ ಹೇಳಿದ್ದರು, ಅದಕ್ಕೆ ಎಸ್‌ಎನ್‌ಪಿ ಇವತ್ತಿಗೂ ಜನ ನಂಬುವಂಥ ಉತ್ತರ ಕೊಟ್ಟಿಲ್ಲ. ಉತ್ತರ ಸಮುದ್ರದ ಎಣ್ಣೆಯನ್ನು ನಂಬಿಕೊಂಡು 1970ರ ದಶಕದಲ್ಲಿ ಪ್ರಚಾರ ಮಾಡಿದ ಪಕ್ಷಕ್ಕೆ ಆ ಎಣ್ಣೆ ಕಡಿಮೆಯಾಗುತ್ತಾ ಬಂದಿರುವುದೂ ತಲೆನೋವು.

ಲಂಡನ್ ಅಷ್ಟು ಸಲೀಸಾಗಿ ಇಲ್ಲ ಅಂದದ್ದು ಹೇಗೆ ಅನ್ನುವುದಕ್ಕೂ ಇದರಲ್ಲೇ ಉತ್ತರ ಇದೆ. 2020ರ ದ್ವಿತೀಯಾರ್ಧದಲ್ಲಿ ಒಂದರ ಹಿಂದೆ ಒಂದು ಸಮೀಕ್ಷೆಯಲ್ಲಿ ‘ಹೌದು’ ಮುಂದಿತ್ತು. 2021ರ ಮೇ ಹೊತ್ತಿಗೆ ಸಮಸಮವಾಗಿತ್ತು. ಅರ್ಧ ದೇಶ ಬೇಕು, ಅರ್ಧ ದೇಶ ಬೇಡ ಅನ್ನುವಾಗ ಇಲ್ಲ ಅನ್ನುವವನಿಗೆ ಹೆಚ್ಚು ನಷ್ಟವಿಲ್ಲ. ಬೀದಿಗಿಳಿಯುವಷ್ಟು ಕೋಪ ಎಲ್ಲೂ ಕಾಣಲಿಲ್ಲ. ಮೇಲಾಗಿ ಅದೇ ಮೇ 6ರಂದು ಇಂಗ್ಲೆಂಡಿನ ಹಾರ್ಟಲ್‌ಪೂಲ್ ಉಪಚುನಾವಣೆಯಲ್ಲಿ ಜಾನ್ಸನ್ ಪಕ್ಷ ಲೇಬರ್ ಕೋಟೆಯನ್ನೇ ಗೆದ್ದಿತ್ತು. ಆ ವಾರ ಅವರಿಗೆ ಯಾರಿಗೂ ಹೆದರುವ ಅಗತ್ಯ ಇರಲಿಲ್ಲ. ಬೆಂಬಲ 60%ಗೆ ಹೋಗಿ ಅಲ್ಲೇ ವರ್ಷಗಟ್ಟಲೆ ನಿಂತಿದ್ದರೆ ಕಾನೂನು ಏನೇ ಇರಲಿ, ಲಂಡನ್ ಬೇರೆ ಮಾತಾಡುತ್ತಿತ್ತು ಅಂತ ನಾನು ನಂಬುತ್ತೇನೆ.

ಈಗ ನಿಮ್ಮ ಅಣ್ಣನ ಮಗನ ವಿಷಯ. ಬ್ರಿಟನ್ನಿನಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ ಮೊದಲಿಂದಲೂ ಮತದ ಹಕ್ಕಿದೆ. ಭಾರತೀಯರು ಅದರಲ್ಲಿ ಸೇರುತ್ತಾರೆ. ಹೆಸರು ನೋಂದಾಯಿಸಿಕೊಂಡಿರಬೇಕು, ಅಷ್ಟೇ. ವಿದ್ಯಾರ್ಥಿ ವೀಸಾದವರಿಗೂ ಇದು ಅನ್ವಯ. ಹಾಗಾಗಿ 2014ರಲ್ಲಿ ಸ್ಕಾಟ್ಲೆಂಡಿನಲ್ಲಿದ್ದ ಕನ್ನಡಿಗರು ಆ ದೇಶ ಒಡೆಯಬೇಕೋ ಉಳಿಯಬೇಕೋ ಅನ್ನುವುದಕ್ಕೂ ಮತ ಹಾಕಬಹುದಿತ್ತು. ಸ್ಕಾಟ್ಲೆಂಡಿನಲ್ಲೇ ಹುಟ್ಟಿ ಲಂಡನ್ನಿನಲ್ಲಿ ಮನೆ ಮಾಡಿದವನಿಗೆ ಆ ಹಕ್ಕು ಇರಲಿಲ್ಲ! ಎಲ್ಲಿ ಹುಟ್ಟಿದಿರಿ ಅಂತ ನೋಡಲಿಲ್ಲ, ಎಲ್ಲಿ ವಾಸ ಇದ್ದೀರಿ ಅಂತ ನೋಡಿದರು. 2020ರಲ್ಲಿ ಸ್ಕಾಟಿಷ್ ಸಂಸತ್ತು ಇದನ್ನು ಇನ್ನೂ ಅಗಲ ಮಾಡಿತು. ಯಾವ ದೇಶದವರೇ ಆಗಲಿ, ನಿರಾಶ್ರಿತರೇ ಆಗಲಿ, ಅಲ್ಲಿರಲು ಅನುಮತಿ ಇದ್ದರೆ ಆ ಸಂಸತ್ತಿನ ಚುನಾವಣೆಯಲ್ಲಿ ಮತ ಹಾಕಬಹುದು. ಬಾಯಲ್ಲಿ ರಾಷ್ಟ್ರೀಯತೆ ಇರುವ ಪಕ್ಷ ಮತಪಟ್ಟಿಯಲ್ಲಿ ಇಷ್ಟು ಧಾರಾಳ ಆಗಿರುವುದು ಅಪರೂಪ. ಎಸ್‌ಎನ್‌ಪಿಯ ಬಗ್ಗೆ ನನಗೆ ಇರುವ ತಕರಾರುಗಳ ನಡುವೆಯೂ ಇದನ್ನು ಹೇಳಲೇಬೇಕು.

2021ರ ನಂತರ ಏನಾಯಿತು ಅನ್ನುವುದನ್ನು ಚುಟುಕಾಗಿ ಹೇಳುತ್ತೇನೆ. ಕೋರ್ಟಿನಲ್ಲಿ ಸೋತ ಮೇಲೆ ಸ್ಟರ್ಜನ್, ಮುಂದಿನ ಬ್ರಿಟಿಷ್ ಸಂಸತ್ ಚುನಾವಣೆಯನ್ನೇ ಜನಮತಗಣನೆ ಅಂತ ಲೆಕ್ಕ ಹಾಕೋಣ ಅಂದರು. ಅವರದೇ ಪಕ್ಷದಲ್ಲಿ ಎಷ್ಟೋ ಜನಕ್ಕೆ ಅದು ಹಿಡಿಸಲಿಲ್ಲ. 2023ರ ಫೆಬ್ರವರಿಯಲ್ಲಿ ರಾಜೀನಾಮೆ ಕೊಟ್ಟರು. ಬಂದ ಹಮ್ಜಾ ಯೂಸಫ್, ಗ್ರೀನ್ಸ್ ಜೊತೆಗಿನ ಒಪ್ಪಂದ ಮುರಿದು 2024ರಲ್ಲಿ ತಾವೂ ಹೋಗಬೇಕಾಯಿತು. ಆಮೇಲೆ ಜಾನ್ ಸ್ವಿನ್ನಿ. ಆ ಜುಲೈನಲ್ಲಿ ಬ್ರಿಟಿಷ್ ಸಂಸತ್ತಿನ ಚುನಾವಣೆ ಬಂದಾಗ ಎಸ್‌ಎನ್‌ಪಿ 57ರಲ್ಲಿ 9ಕ್ಕೆ ಕುಸಿಯಿತು, ಲೇಬರ್ 37 ಗೆದ್ದಿತು. ಹಾಗಂತ ಸ್ವಾತಂತ್ರ್ಯದ ಬೆಂಬಲವೂ ಕುಸಿಯಿತೇ? ಇಲ್ಲ. ಅದು ಹೆಚ್ಚು ಕಡಿಮೆ ಅರ್ಧದ ಹತ್ತಿರವೇ ಉಳಿಯಿತು. ಪಕ್ಷದ ಏಳುಬೀಳು ಒಂದು, ಸ್ವಾತಂತ್ರ್ಯದ ಆಸೆ ಇನ್ನೊಂದು ಅಂತ ಇದಕ್ಕಿಂತ ಸ್ಪಷ್ಟವಾಗಿ ತಿಳಿಯುವುದು ಕಷ್ಟ. ಸ್ಟರ್ಜನ್ ಅವರ ಯೋಜನೆಯಂತೆ ಆ ಚುನಾವಣೆಯನ್ನೇ ಜನಮತಗಣನೆ ಅಂದುಕೊಂಡಿದ್ದರೆ ಎಂಥ ಅನಾಹುತ ಆಗುತ್ತಿತ್ತು, ಯೋಚಿಸಿ.

2025ರಲ್ಲಿ ಸ್ವಿನ್ನಿ ತಮ್ಮ ಪಕ್ಷದ ಮುಂದೆ ಹೊಸ ದಾರಿ ಇಟ್ಟರು. ಮುಂದಿನ ಸ್ಕಾಟಿಷ್ ಸಂಸತ್ ಚುನಾವಣೆಯಲ್ಲಿ ಎಸ್‌ಎನ್‌ಪಿಗೆ ತಾನೊಂದೇ ಬಹುಮತ, ಅಂದರೆ 65 ಸ್ಥಾನ ಬಂದರೆ ಅದೇ ಜನಾದೇಶ, 2011ರಂತೆ. 2021ರಲ್ಲಿ ಗೋವ್ ಎತ್ತಿ ತೋರಿಸಿದ ಅದೇ ಅಳತೆಗೋಲು! 72 ಸಾಕು ಅಂತ ವಾದಿಸಿದ ಪಕ್ಷ ಎದುರಾಳಿಯ ಗೋಲನ್ನು ತಾನೇ ಕೈಗೆತ್ತಿಕೊಂಡಿತು. ಚತುರ ನಡೆ ಅಂತ ಕೆಲವರು ಹೇಳುತ್ತಾರೆ. ನನಗೆ ಅದು ತಾನೇ ತೋಡಿಕೊಂಡ ಹಳ್ಳದ ಹಾಗೆ ಕಾಣುತ್ತದೆ. 64 ಬಂದರೆ ಮತ್ತೆ ಇಲ್ಲ ಅನ್ನಿಸಿಕೊಳ್ಳಬೇಕು. 65 ಬಂದರೂ ಒಪ್ಪಲೇಬೇಕು ಅಂತ ಲಂಡನ್ನಿಗೆ ಯಾವ ಕಾನೂನೂ ಹೇಳುವುದಿಲ್ಲ.

ಗೆರೆ ಎಲ್ಲಿದೆ ಅನ್ನುವ ಜಗಳ ಸ್ಕಾಟರಿಗೆ ಹೊಸದೂ ಅಲ್ಲ. 1979ರಲ್ಲಿ ಪ್ರತ್ಯೇಕ ಶಾಸನಸಭೆ ಬೇಕೇ ಅಂತ ಕೇಳಿದಾಗ ಮತ ಹಾಕಿದವರಲ್ಲಿ 51.6% ಬೇಕು ಅಂದಿದ್ದರು. ಆದರೆ ಒಟ್ಟು ಮತದಾರರಲ್ಲಿ 40% ಒಪ್ಪಬೇಕು ಅನ್ನುವ ಷರತ್ತನ್ನು ಲಂಡನ್ನಿನ ಸಂಸತ್ತು ಮೊದಲೇ ಸೇರಿಸಿತ್ತು. ಒಪ್ಪಿದವರು 32.9%. ಗೆದ್ದವರು ಸೋತರು. ಸಿಟ್ಟಿಗೆದ್ದ ಎಸ್‌ಎನ್‌ಪಿ ಸದಸ್ಯರು ಲೇಬರ್ ಸರ್ಕಾರದ ವಿರುದ್ಧ ಮತ ಹಾಕಿದರು, ಆ ಸರ್ಕಾರ ಒಂದೇ ಮತದಿಂದ ಬಿತ್ತು, ಮಾರ್ಗರೆಟ್ ಥ್ಯಾಚರ್ ಬಂದರು. 1997ರಲ್ಲಿ ಮತ್ತೆ ಕೇಳಿದಾಗ ಅಂಥ ಷರತ್ತು ಇಡಲಿಲ್ಲ, 74.3% ಹೌದು ಅಂದರು.

ಬ್ರಿಟನ್ನಿಗೆ ಇಂಥ ನಿಯಮ ಬರೆಯಲು ಬರುವುದಿಲ್ಲ ಅಂತಲೂ ಅಲ್ಲ. ಉತ್ತರ ಐರ್ಲೆಂಡಿಗೆ ಬರೆದಿದ್ದಾರೆ. 1998ರ ಗುಡ್ ಫ್ರೈಡೇ ಒಪ್ಪಂದದ ಪ್ರಕಾರ, ಅಲ್ಲಿನ ಹೆಚ್ಚು ಜನ ಐರ್ಲೆಂಡ್ ಜೊತೆ ಸೇರಲು ಬಯಸುವ ಸಾಧ್ಯತೆ ಕಂಡರೆ ಬ್ರಿಟಿಷ್ ಮಂತ್ರಿ ಮತದಾನಕ್ಕೆ ಆದೇಶಿಸಲೇಬೇಕು. ಒಂದು ಸಲ ಆದ ಮೇಲೆ ಏಳು ವರ್ಷ ಮತ್ತೆ ಕೇಳುವ ಹಾಗಿಲ್ಲ. ಸಾಧ್ಯತೆ ಕಂಡಿತೋ ಇಲ್ಲವೋ ಅಂತ ನಿರ್ಧರಿಸುವುದು ಲಂಡನ್ನಿನ ಮಂತ್ರಿಯೇ, ಅದೊಂದು ಲೋಪ. ಆದರೂ ದಾರಿ ಒಂದಿದೆ. ಸ್ಕಾಟ್ಲೆಂಡಿಗೆ ಹಾಗೆ ಬರೆಯಲು ಎರಡೂ ಕಡೆಯವರಿಗೆ ಮನಸ್ಸಿಲ್ಲ. ಬರೆದರೆ ಹೋಗುವ ಹಕ್ಕು ಇದೆ ಅಂತ ಒಪ್ಪಿಕೊಂಡ ಹಾಗಾಗುತ್ತದೆ ಅನ್ನುವುದು ಲಂಡನ್ನಿನ ಅಂಜಿಕೆ. ಎಸ್‌ಎನ್‌ಪಿಗೂ ತನ್ನದೇ ಅಂಜಿಕೆ ಇದೆ. ಇಷ್ಟು ವರ್ಷ ಸತತವಾಗಿ ಬೆಂಬಲ ಇಷ್ಟಿರಬೇಕು ಅಂತ ಗೆರೆ ಎಳೆದುಬಿಟ್ಟರೆ, ಆ ಗೆರೆ ಮುಟ್ಟುವವರೆಗೆ ಚುನಾವಣೆಯಲ್ಲಿ ಈ ಮಾತು ಎತ್ತಿ ಮತ ಕೇಳುವುದು ಅದಕ್ಕೆ ಕಷ್ಟವಾಗುತ್ತದೆ.